ಗೋಂದಮ್ಮ ಕ್ಯಾಲ್ಕುಲಸ್ ಪುಸ್ತಕ ಆರಿಸಿದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಕೈಬರಹ ಕಾಗೆ ಕಾಲು ಗುಬ್ಬಿ ಕಾಲು. ಎರಡು ಸಲ ನಿಧಾನವಾಗಿ ನಕಲು ಮಾಡಿದರೂ ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಜಾರಿವೆ. ಪದಗಳೂ ಅಷ್ಟೇ, ಓದು ಅರ್ಧಕ್ಕೆ ಬಿಟ್ಟವಳ ಪದಗಳು. ನಮ್ಮ ಗ್ರಂಥಾಲಯದ ಕೈಬರಹ ಪತ್ರಿಕೆಗೆ, ಇಲ್ಲಿ ಕೆಲಸ ಮಾಡುವವರಲ್ಲಿ ಯಾರಾದರೊಬ್ಬರ ಬಗ್ಗೆ ಬರೆದುಕೊಡು ಎಂದು ಗ್ರಂಥಪಾಲಕಿ ಮೇಡಂ ಕೇಳಿದರು. ನನಗೆ ಚೆನ್ನಾಗಿ ಗೊತ್ತಿರುವುದು ಒಬ್ಬರೇ, ನನ್ನ ದೊಡ್ಡಮ್ಮ. ಈ ಬರಹದಲ್ಲಿ ಬರುವ ಹುಡುಗಿ ನಾನೇ. ಆದರೆ ‘ನಾನು’ ಎಂದು ಬರೆಯಲು ಹೋದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ, ಅದಕ್ಕೆ ‘ಹುಡುಗಿ’ ಎಂದೇ ಬರೆದಿದ್ದೇನೆ. ನಾನು ಎದುರಿಗೆ ಇಲ್ಲದಾಗ ನಡೆದದ್ದನ್ನು ದೊಡ್ಡಮ್ಮನೇ ಹೇಳಿದಳು. ಬರೆದ ಮೇಲೆ ಅವಳಿಗೆ ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದಿಕೊಂಡಿದ್ದೇನೆ.

ಗ್ರಂಥಾಲಯದ ಮೆಟ್ಟಿಲ ಕೆಳಗೆ ಒಂದು ಕೋಣೆ ಇದೆ. ಬಾಗಿಲು ಎಷ್ಟು ತಗ್ಗು ಎಂದರೆ ತಲೆ ಬಗ್ಗಿಸದೆ ಒಳಗೆ ಹೋಗುವವಳು ದೊಡ್ಡಮ್ಮ ಒಬ್ಬಳೇ. ಒಳಗೆ ಒಂದು ಉದ್ದದ ಮರದ ಮೇಜು, ಚಕ್ರ ತಿರುಗಿಸಿ ಬಿಗಿಮಾಡುವ ಕಬ್ಬಿಣದ ಒತ್ತುಯಂತ್ರ, ದಾರದ ಉಂಡೆಗಳು, ದಬ್ಬಣ, ರಟ್ಟಿನ ಹಾಳೆಗಳು, ಒಲೆಯ ಮೇಲೆ ಮೈದಾ ಅಂಟಿನ ಪಾತ್ರೆ. ಹರಿದ ಪುಸ್ತಕಗಳು ಎಡಗಡೆಯಿಂದ ಒಳಗೆ ಬಂದು, ಹೊಸ ಅಂಗಿ ತೊಟ್ಟು ಬಲಗಡೆಯಿಂದ ಹೊರಗೆ ಹೋಗುತ್ತವೆ. ಮೂವತ್ತೊಂದು ವರ್ಷಗಳಿಂದ ಅವಳ ಕೆಲಸ ಇದೇ. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು ಇರುವುದರಿಂದ ಅಲ್ಲಿ ಅವಳಿಗೆ ಗೋಂದಮ್ಮ ಎಂದು ಹೆಸರು. ಸಂಬಳದ ದಿನ ಹಾಜರಿ ಕೂಗುವವರು ನಿಜವಾದ ಹೆಸರು ಕರೆದರೆ, ಅದು ಯಾರಿಗೋ ಎಂದುಕೊಂಡು ಅವಳೂ ಸುತ್ತ ನೋಡುತ್ತಾಳೆ.

ದೊಡ್ಡಮ್ಮ ಓದಿದ್ದು ಆರನೇ ತರಗತಿ. ಇಷ್ಟು ಪುಸ್ತಕಗಳ ನಡುವೆ ಕೂತಿದ್ದೀಯಲ್ಲ, ಒಂದನ್ನಾದರೂ ಓದಿದ್ದೀಯಾ ಎಂದು ಯಾರಾದರೂ ಕೆಣಕಿದರೆ, ಓದುವುದು ನಿಮ್ಮ ಕೆಲಸ, ಓದುವ ಹಾಗೆ ಇರಿಸುವುದು ನನ್ನ ಕೆಲಸ ಎನ್ನುತ್ತಾಳೆ. ಆದರೆ ಅವಳಿಗೆ ಇನ್ನೊಂದು ಬಗೆಯ ಓದು ಬರುತ್ತದೆ. ಪುಸ್ತಕವನ್ನು ಮುಚ್ಚಿ, ಬೆನ್ನಿಗೆ ಎದುರಿನ ಅಂಚನ್ನು ಬೆಳಕಿಗೆ ಹಿಡಿದರೆ ಸಾಕು, ಓದುಗರು ಎಲ್ಲಿಯವರೆಗೆ ಹೋಗಿದ್ದಾರೆ, ಎಲ್ಲಿ ಕೈಬಿಟ್ಟಿದ್ದಾರೆ ಎಂದು ಹೇಳಿಬಿಡುತ್ತಾಳೆ. ಕೈ ಮುಟ್ಟಿದ ಪುಟದ ಅಂಚು ಕಪ್ಪಾಗುತ್ತದೆ, ಮುಟ್ಟದ್ದು ಬೆಳ್ಳಗೆ ಉಳಿಯುತ್ತದೆ. ಪತ್ತೇದಾರಿ ಕಾದಂಬರಿಗಳು ಕೊನೆಯವರೆಗೂ ಕಪ್ಪು. ಆರೋಗ್ಯದ ಪುಸ್ತಕಗಳಲ್ಲಿ ಅಲ್ಲಲ್ಲಿ ಒಂದೊಂದು ಗೆರೆ ಮಾತ್ರ ಕಪ್ಪು, ಯಾರ್ಯಾರಿಗೆ ಏನೇನು ಕಾಯಿಲೆಯೋ ಅಷ್ಟನ್ನೇ ಓದಿರುತ್ತಾರೆ. ದೊಡ್ಡ ಮನುಷ್ಯರ ಆತ್ಮಕಥೆಗಳಲ್ಲಿ ಮದುವೆಯ ಅಧ್ಯಾಯ ಮುಗಿದ ಮೇಲೆ ಪುಸ್ತಕ ಸಾಬೂನಿನಷ್ಟು ಬಿಳಿ. ಇದನ್ನೆಲ್ಲ ಅವಳು ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿ ನಗಿಸುತ್ತಾಳೆ.

ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿರುವವರು ಮೂವರು: ದೊಡ್ಡಮ್ಮ, ಅವಳ ತಂಗಿ, ತಂಗಿಯ ಮಗಳು. ತಂಗಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಹಾಕುವವಳು. ಮಗಳು, ಅಂದರೆ ಹುಡುಗಿ, ಒಂದೂವರೆ ವರ್ಷದಿಂದ ಮನೆಯಲ್ಲೇ ಇದ್ದಳು.

ಹುಡುಗಿಯದು ಮೊದಲಿನಿಂದಲೂ ಮಾತು ಕಡಿಮೆ. ಹನ್ನೊಂದನೇ ತರಗತಿಯಲ್ಲಿ ಒಂದು ದಿನ ಗಣಿತದ ಮೇಷ್ಟ್ರು ಹಲಗೆಯ ಮೇಲೆ ಉದ್ದದ ಲೆಕ್ಕ ಬಿಡಿಸಿ, ಕೊನೆಯಲ್ಲಿ ಉಳಿದ ಒಂದು ಪದವನ್ನು ಹೊಡೆದುಹಾಕಿ, ಇದು ತೀರಾ ಚಿಕ್ಕದು, ಬಿಟ್ಟುಬಿಡಿ ಎಂದರು. ವರ್ಷವಿಡೀ ಕೈ ಎತ್ತದ ಹುಡುಗಿ ಅವತ್ತು ಅದು ಹೇಗೋ ಎತ್ತಿಬಿಟ್ಟಳು. ಚಿಕ್ಕದು ಎಂದರೆ ಸೊನ್ನೆ ಅಲ್ಲವಲ್ಲ, ಮತ್ತೆ ಹೇಗೆ ಬಿಡುವುದು ಎಂದು ಕೇಳಿದಳು. ಮೇಷ್ಟ್ರು ಒಂದು ಕ್ಷಣ ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ನಿನ್ನಷ್ಟು ಚಿಕ್ಕದಮ್ಮ, ಲೆಕ್ಕಕ್ಕಿಲ್ಲ” ಎಂದರು. ಇಡೀ ತರಗತಿ ನಕ್ಕಿತು. ಅಂದಿನಿಂದ ಅಲ್ಲಿ ಅವಳ ಹೆಸರು ‘ಚಿಕ್ಕದು’. ಎರಡು ತಿಂಗಳು ಹಾಗೂ ಹೀಗೂ ಹೋದಳು. ಆಮೇಲೆ ಒಂದು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಹೋದವಳು ಅಲ್ಲೇ ಕೂತುಬಿಟ್ಟಳು.

ಬೈದು ನೋಡಿದ್ದಾಯಿತು, ಮುದ್ದು ಮಾಡಿ ನೋಡಿದ್ದಾಯಿತು. ಅಮ್ಮ ಕೈಯಲ್ಲಿ ಇದ್ದಬದ್ದದ್ದನ್ನೆಲ್ಲ ಸೇರಿಸಿ ಇಟ್ಟಿಗೆಯಂಥ ಒಂದು ಗಣಿತದ ಪುಸ್ತಕ ತಂದುಕೊಟ್ಟಳು. ಹುಡುಗಿ ಮೂರು ದಿನ ಅದರ ಮುಂದೆ ಕೂತಳು. ನಾಲ್ಕನೇ ದಿನ ಪುಸ್ತಕವನ್ನು ಕಪಾಟಿನ ಮೇಲಿಟ್ಟು, ಕಂಬಳಿ ಹೊದ್ದು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಳು. ಅದಾದ ಮೇಲೆ ಮನೆಯಲ್ಲಿ ಯಾರೂ ಲೆಕ್ಕ ಎಂಬ ಮಾತೆತ್ತಲಿಲ್ಲ. ಅವಳು ಹೊರಗೆ ಹೋಗುವುದೂ ನಿಂತಿತು. ಸೈಕಲ್ ಅಂಗಡಿಯವರು ಕೂಡ, ನಿಮ್ಮ ಮನೆಯಲ್ಲಿ ಒಂದು ಹುಡುಗಿ ಇತ್ತಲ್ಲ ಎಂದು ಕೇಳಿದರು.

ಹೀಗಿರುವಾಗ ಒಂದು ಬೆಳಿಗ್ಗೆ ದೊಡ್ಡಮ್ಮ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಹುಡುಗಿ ಹಿಂದಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ದೊಡ್ಡಮ್ಮ, ಕ್ಯಾಲ್ಕುಲಸ್ ಪುಸ್ತಕ ಒಂದು ಸಿಗುತ್ತಾ, ಲೈಬ್ರರೀಲಿ? ಮೊದಲಿಂದ ಶುರು ಮಾಡೋರಿಗೆ ಅರ್ಥ ಆಗೋಂಥದ್ದು.”

ಇಷ್ಟು ಉದ್ದದ ಮಾತು ಅವಳ ಬಾಯಿಂದ ಬಂದು ತಿಂಗಳುಗಳೇ ಆಗಿದ್ದವು. ದೊಡ್ಡಮ್ಮ ತಿರುಗಿ ನೋಡಲಿಲ್ಲ. ತಿರುಗಿದರೆ ಹುಡುಗಿ ಏನಿಲ್ಲ ಬಿಡು ಎಂದು ಒಳಗೆ ಹೋಗಿಬಿಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಚಪ್ಪಲಿಯ ಪಟ್ಟಿಯನ್ನು ನೋಡುತ್ತಲೇ, ಯಾಕೆ ಸಿಗಲ್ಲ, ನೋಡ್ತೀನಿ ಎಂದಳು. ದಾರಿಯುದ್ದಕ್ಕೂ ಮಾತ್ರ ಅವಳಿಗೆ ಅದೇ ಯೋಚನೆ. ಮತ್ತೆ ಇಟ್ಟಿಗೆಯಂಥದ್ದನ್ನೇ ತಂದುಕೊಟ್ಟರೆ ಹುಡುಗಿ ಇನ್ನೊಂದು ಸಲ ಕೇಳುವುದಿಲ್ಲ, ಲೆಕ್ಕವನ್ನಷ್ಟೇ ಅಲ್ಲ, ಏನನ್ನೂ ಕೇಳುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಗ್ರಂಥಪಾಲಕಿ ಮೇಡಂ ಒಳ್ಳೆಯವರು. ಮೂಲೆಯ ಶೆಲ್ಫ್ ತೋರಿಸಿ, ಅಲ್ಲಿ ಒಂಬತ್ತು ಬಗೆಯ ಕ್ಯಾಲ್ಕುಲಸ್ ಪುಸ್ತಕಗಳಿವೆ, ಯಾವುದು ಬೇಕೋ ತೆಗೆದುಕೊಂಡು ಹೋಗಿ, ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಲಿ ಎಂದರು. ಒಂಬತ್ತರಲ್ಲಿ ಯಾವುದು ಎಂದು ಕೇಳಿದರೆ ಅವರೂ ತಲೆ ಕೆರೆದುಕೊಂಡರು, ಅವರು ಓದಿದ್ದು ಇತಿಹಾಸ. ದಿನಪತ್ರಿಕೆ ಓದಲು ಬರುವ ನಿವೃತ್ತ ಪ್ರೊಫೆಸರರೊಬ್ಬರನ್ನು ದೊಡ್ಡಮ್ಮ ಕೇಳಿದಳು. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂಬತ್ತರಲ್ಲಿ ಎಲ್ಲಕ್ಕಿಂತ ದಪ್ಪದ ಪುಸ್ತಕವನ್ನು ಎತ್ತಿ, ಇದರಲ್ಲಿ ಇಲ್ಲದ್ದೇ ಇಲ್ಲ ಎಂದರು. ನೀವು ಮೊದಲ ಸಲ ಕಲಿತದ್ದು ಇದರಿಂದಲೇ ಏನು ಸ್ವಾಮಿ ಎಂದು ದೊಡ್ಡಮ್ಮ ಕೇಳಿದಾಗ ಪುಸ್ತಕ ಕೆಳಗಿಟ್ಟು, “ಇಲ್ಲಮ್ಮ, ಕಲಿತ ಮೇಲೆ ಇದನ್ನ ಓದಿದ್ದು. ಮೊದಲು ಏನು ಓದಿದೆ ಅಂತ ಈಗ ನೆನಪೇ ಇಲ್ಲ” ಎಂದು ಪ್ರಾಮಾಣಿಕವಾಗಿ ಹೇಳಿ ಮತ್ತೆ ಪತ್ರಿಕೆಯಲ್ಲಿ ಮುಳುಗಿದರು.

ಗೊತ್ತಿದ್ದವರಿಗೆ ಗೊತ್ತಿಲ್ಲದ ದಿನಗಳು ಮರೆತುಹೋಗಿವೆ ಎಂದ ಮೇಲೆ ಅವರನ್ನು ಕೇಳಿ ಏನು ಮಾಡುವುದು ಎಂದುಕೊಂಡಳು ದೊಡ್ಡಮ್ಮ. ಒಂಬತ್ತನ್ನೂ ತೋಳಿನ ಮೇಲೆ ಪೇರಿಸಿಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಬಂದು, ಕಿಟಕಿಯ ಬೆಳಕಿನಲ್ಲಿ ಒಂದೊಂದರ ಅಂಚು ನೋಡುತ್ತ ಹೋದಳು.

ನೋಡಿ ಅವಳಿಗೆ ಮರುಕ ಬಂತು. ಹೆಚ್ಚಿನವುಗಳಲ್ಲಿ ಒಂದೇ ಕಥೆ. ಮೊದಲು ಒಂದು ದಪ್ಪ ದಾರದಷ್ಟು ಕಪ್ಪು, ಅಲ್ಲಿಂದ ಮುಂದೆ ಬಿಳಿ, ಕೆಲವದರ ಕೊನೆಯಲ್ಲಿ ಮಾತ್ರ ಮತ್ತೊಂದು ಕಪ್ಪು ಗೆರೆ. ಜನ ಹುರುಪಿನಿಂದ ಹೊರಟು ಇಪ್ಪತ್ತನೇ ಪುಟದಲ್ಲಿ ಸುಸ್ತಾಗಿ ಕೂತಿದ್ದರು. ಪ್ರೊಫೆಸರರು ಹೇಳಿದ ದಪ್ಪದ್ದರಲ್ಲಿ ಕಪ್ಪು ಅಷ್ಟೂ ಇಲ್ಲ, ಕೂದಲೆಳೆಯಷ್ಟು. ಒಂದು ತೆಳು ಪುಸ್ತಕವನ್ನಂತೂ ಯಾರೂ ಮುಟ್ಟಿಯೇ ಇಲ್ಲ ಎನ್ನುವ ಹಾಗೆ ಅಂಚು ಪೂರ್ತಿ ಬಿಳಿ. ಅದನ್ನು ಅವಳು ಮೊದಲೇ ಪಕ್ಕಕ್ಕೆ ಸರಿಸಿದಳು. ಉಳಿದದ್ದು ಹಸಿರು ಹೊದಿಕೆಯ ಒಂದು ಪುಸ್ತಕ. ಅದರ ಅಂಚು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಸಮ ಕಪ್ಪಾಗಿತ್ತು. ದೊಡ್ಡಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಇಷ್ಟು ಜನ ಕೊನೆಯವರೆಗೆ ಓದಿದ್ದಾರೆ ಎಂದರೆ ಇದಕ್ಕಿಂತ ಸುಲಭವಾದದ್ದು ಇನ್ನೊಂದು ಇರಲು ಸಾಧ್ಯವಿಲ್ಲ.

ಅವತ್ತು ಮಧ್ಯಾಹ್ನ ಬೇರೆಲ್ಲ ಕೆಲಸ ಬದಿಗಿಟ್ಟು ಹಸಿರು ಪುಸ್ತಕಕ್ಕೆ ಹೊಸ ಹೊಲಿಗೆ ಹಾಕಿದಳು, ಮೂಲೆಗಳಿಗೆ ಹಸಿರು ಬಟ್ಟೆ ಕಟ್ಟಿದಳು. ಕೊಳೆಯಾದ ಪುಸ್ತಕ ಕೊಟ್ಟರೆ ಹುಡುಗಿ ಮುಖ ಸಿಂಡರಿಸುತ್ತಾಳೇನೋ ಎಂದು ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿದಳು. ಮನೆಗೆ ತಂದುಕೊಡುವಾಗ, ನೂರಾರು ಜನ ಓದಿ ದಡ ಸೇರಿದ ಪುಸ್ತಕ, ನೀನೂ ಸೇರುತ್ತೀಯ ಎಂದಳು.

ಹುಡುಗಿ ನಾಲ್ಕು ದಿನ ಓದಿದಳು. ಅವಳು ಓದುವುದು ಬಹಳ ನಿಧಾನ. ಒಂದು ಸಾಲು ಅರ್ಥವಾಗದಿದ್ದರೆ ಮುಂದಿನ ಸಾಲಿಗೆ ಹೋಗುವುದು ಮೋಸ ಎಂದು ಅವಳ ಲೆಕ್ಕ. ಮೊದಲ ದಿನ ಹನ್ನೊಂದು ಪುಟ, ಎರಡನೇ ದಿನ ಆರು, ಮೂರನೇ ದಿನ ಎರಡು. ನಾಲ್ಕನೇ ದಿನ ಹತ್ತೊಂಬತ್ತನೇ ಪುಟವನ್ನೇ ದಿನವಿಡೀ ನೋಡಿದಳು. ಅಲ್ಲಿಯೂ ಅದೇ ಮಾತಿತ್ತು, ಉಳಿದ ಪದ ತೀರಾ ಚಿಕ್ಕದಾದ್ದರಿಂದ ಅದನ್ನು ಕೈಬಿಡಬಹುದು ಎಂದು. ಯಾಕೆ ಎಂದು ಇರಲಿಲ್ಲ.

ದೊಡ್ಡಮ್ಮ ದಿನವೂ ಪುಸ್ತಕ ಎಲ್ಲಿದೆ ಎಂದು ಗಮನಿಸುತ್ತಿದ್ದಳು. ಮೊದಲು ಅದು ದಿಂಬಿನ ಪಕ್ಕ ಇತ್ತು. ಆಮೇಲೆ ಕಿಟಕಿಯ ಕಟ್ಟೆಗೆ ಹೋಯಿತು. ಐದನೇ ದಿನ ಮಡಿಸಿದ ಬಟ್ಟೆಗಳ ಅಡಿಯಲ್ಲಿ ಅದರ ಹಸಿರು ಮೂಲೆ ಕಂಡಿತು. ನೂರಾರು ಜನ ದಾಟಿದ್ದನ್ನು ತಾನು ದಾಟಲಾಗಲಿಲ್ಲ ಎಂದು ಹುಡುಗಿ ತನ್ನೊಳಗೇ ಕುಗ್ಗುತ್ತಿದ್ದಾಳೆ ಎಂದು ದೊಡ್ಡಮ್ಮನಿಗೆ ಹೊಳೆಯಲಿಲ್ಲ. ಅವಳು ನೋಡಿದ್ದು ಪುಸ್ತಕವನ್ನು ಮಾತ್ರ.

ಮರುದಿನ ಗ್ರಂಥಾಲಯದ ಕಾವಲುಗಾರ ಕೋಣೆಯ ಬಾಗಿಲಲ್ಲಿ ಬಗ್ಗಿ ಇಣುಕಿದ. ಅವನಿಗೂ ದೊಡ್ಡಮ್ಮನಿಗೂ ಹಳೆಯ ಜಗಳ, ಹಳೆಯ ಸಲಿಗೆ. ಅವನು ಅವಳ ಅಂಟನ್ನು ಗಂಜಿ ಎನ್ನುತ್ತಾನೆ, ಅವಳು ಅವನ ಕಾವಲನ್ನು ನಿದ್ದೆ ಎನ್ನುತ್ತಾಳೆ.

“ಅಕ್ಕ, ಆ ಮೂಲೆ ಶೆಲ್ಫಲ್ಲಿ ಹಸಿರು ಪುಸ್ತಕ ಒಂದಿತ್ತಲ್ಲ, ನೀವೇನಾದ್ರೂ ತಗೊಂಡ್ರಾ?”

“ಯಾಕಯ್ಯ, ನೀನು ಯಾವಾಗಿಂದ ಕ್ಯಾಲ್ಕುಲಸ್ ಓದೋಕೆ ಶುರು ಮಾಡಿದೆ?”

“ಓದೋದೆಲ್ಲಿ ಬಂತಕ್ಕ. ಗಾಳಿ ಹಾಕ್ಕೊಳ್ಳೋಕೆ ಅದರಂಥ ಪುಸ್ತಕ ಇಡೀ ಲೈಬ್ರರೀಲಿ ಇನ್ನೊಂದಿಲ್ಲ. ಹೆಬ್ಬೆಟ್ಟಲ್ಲಿ ಹಿಡಿದು ಮೊದಲಿಂದ ಕೊನೇ ತನಕ ಸರ್ ಅಂತ ಬಿಟ್ರೆ ಮುಖಕ್ಕೆ ತಣ್ಣಗೆ ಬಡಿಯುತ್ತೆ. ಐದು ವರ್ಷ ಆಯ್ತು, ಮಧ್ಯಾಹ್ನ ಅದೇ ನನ್ನ ಫ್ಯಾನು.”

ದೊಡ್ಡಮ್ಮನ ಕೈಯಲ್ಲಿದ್ದ ದಬ್ಬಣ ಅಲ್ಲೇ ನಿಂತಿತು. ಓದಿದ ಪುಸ್ತಕದ ಕೊಳೆ ಒಂದೇ ಸಮ ಇರುವುದಿಲ್ಲ, ಕಷ್ಟದ ಕಡೆ ಗಾಢ, ಸುಲಭದ ಕಡೆ ತೆಳು, ಕೆಳಗಿನ ಮೂಲೆಯಲ್ಲಿ ಹೆಚ್ಚು, ಮೇಲೆ ಕಡಿಮೆ. ಇದು ಅವಳೇ ಹೊಸಬರಿಗೆ ಹೇಳಿಕೊಡುವ ಪಾಠ. ಆ ದಿನ ಹುಡುಗಿಗೆ ಪುಸ್ತಕ ಸಿಗಬೇಕೆಂಬ ಆತುರದಲ್ಲಿ ಒಂದೇ ಸಮ ಇದ್ದ ಕೊಳೆಯನ್ನು ನೋಡಿ ಹಿಗ್ಗಿಬಿಟ್ಟಿದ್ದಳು. ಆ ಪುಸ್ತಕವನ್ನು ಕೊನೆಯವರೆಗೆ ಓದಿದವರು ನೂರಾರು ಜನರಲ್ಲ, ಒಬ್ಬ ಕಾವಲುಗಾರನ ಹೆಬ್ಬೆಟ್ಟು ಮಾತ್ರ. ಈಗ ಹೋಗಿ ಅಂಚು ಮತ್ತೊಮ್ಮೆ ನೋಡೋಣ ಎಂದರೆ ಅದನ್ನೂ ತಾನೇ ತಿಕ್ಕಿ ತೆಗೆದಿದ್ದಳು.

ಅವತ್ತು ಸಂಜೆ ಮನೆಗೆ ಹೋಗುವ ದಾರಿ ಅವಳಿಗೆ ಉದ್ದವಾಯಿತು. ಹೇಳದೆ ಇದ್ದುಬಿಡಬಹುದಿತ್ತು. ಇನ್ನೊಂದು ಪುಸ್ತಕ ತಂದು, ಇದನ್ನೂ ನೋಡು ಎಂದರೆ ಮುಗಿಯುತ್ತಿತ್ತು. ಮೂವತ್ತೊಂದು ವರ್ಷದ ಹೆಸರು ಉಳಿಯುತ್ತಿತ್ತು. ಆದರೆ ನೂರಾರು ಜನ ದಡ ಸೇರಿದ್ದಾರೆ ಎಂದು ಹೇಳಿದ್ದು ತನ್ನದೇ ಬಾಯಿ. ಬಟ್ಟೆಗಳ ಅಡಿಯ ಹಸಿರು ಮೂಲೆ ಕಣ್ಣ ಮುಂದೆ ಬಂದದ್ದೇ ಅವಳಿಗೆ ಎಲ್ಲ ಅರ್ಥವಾಯಿತು. ಮೆಟ್ಟಿಲು ಹತ್ತಿ, ಚಪ್ಪಲಿ ಬಿಡುವ ಮೊದಲೇ ಹುಡುಗಿಯನ್ನು ಕರೆದು, ನಿಂತ ಕಾಲಿನಲ್ಲೇ ಎಲ್ಲವನ್ನೂ ಹೇಳಿದಳು. ಗಾಳಿ ಹಾಕಿಕೊಳ್ಳುವುದನ್ನು ಕೈಯಲ್ಲೇ ಮಾಡಿಯೂ ತೋರಿಸಿದಳು.

ಕೇಳುತ್ತ ಕೇಳುತ್ತ ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ದೊಡ್ಡಮ್ಮನಿಗೆ ಗಾಬರಿಯಾಯಿತು. ಅಳು ಅಲ್ಲ, ನಗು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದ ಅಮ್ಮನೂ ಒಳಗಿನಿಂದ ನಗತೊಡಗಿದಳು. ಹುಡುಗಿ ಕಣ್ಣು ಒರೆಸಿಕೊಂಡು, ಹಾಗಾದರೆ ಹತ್ತೊಂಬತ್ತನೇ ಪುಟದಲ್ಲಿ ಸಿಕ್ಕಿಬಿದ್ದವಳು ನಾನೊಬ್ಬಳೇ ಅಲ್ಲ ಅಲ್ಲವಾ ಎಂದು ಕೇಳಿದಳು. ಆಮೇಲೆ ಇನ್ನೊಂದು ಪ್ರಶ್ನೆ.

“ಮತ್ತೆ, ನಿಜವಾಗ್ಲೂ ಓದಿರೋ ಪುಸ್ತಕ ಯಾವುದು ಅಂತ ಹೇಗೆ ಗೊತ್ತಾಗುತ್ತೆ?”

“ಅದನ್ನ ಬಾಯಲ್ಲಿ ಹೇಳಿದ್ರೆ ಆಗಲ್ಲ ಕಣೇ. ಪುಸ್ತಕ ಕೈಯಲ್ಲಿ ಹಿಡೀಬೇಕು. ನಾಳೆ ಲೈಬ್ರರಿಗೆ ವಾರದ ರಜೆ, ಒಂದು ನರಪಿಳ್ಳೆಯೂ ಇರಲ್ಲ. ಬರ್ತೀಯಾ?”

ಅಮ್ಮ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಹುಡುಗಿ ನೆಲ ನೋಡುತ್ತ, ಬರ್ತೀನಿ ಎಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಗೋಡೆಯ ಪಕ್ಕದಲ್ಲೇ ನಡೆದುಕೊಂಡು ಹೋದರು. ಸೈಕಲ್ ಅಂಗಡಿಯವರು ನೋಡಿದರು, ಆದರೆ ದೊಡ್ಡಮ್ಮ ದೂರದಿಂದಲೇ ಕಣ್ಣು ಬಿಟ್ಟು ಹೆದರಿಸಿದ್ದರಿಂದ ಏನೂ ಕೇಳಲಿಲ್ಲ. ತಗ್ಗು ಬಾಗಿಲಲ್ಲಿ ಹುಡುಗಿಯ ಹಣೆ ಬಡಿಯಿತು. ಇಲ್ಲಿ ಎಲ್ಲರಿಗೂ ಮೊದಲು ಇದೇ ಮರ್ಯಾದೆ ಎಂದಳು ದೊಡ್ಡಮ್ಮ.

ಎಂಟು ಪುಸ್ತಕಗಳನ್ನೂ, ಮನೆಯಿಂದ ತಂದ ಹಸಿರು ಪುಸ್ತಕವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ದೊಡ್ಡಮ್ಮ ಒಂದನ್ನು ಬೆನ್ನಿನ ಮೇಲೆ ನಿಲ್ಲಿಸಿ ಕೈಬಿಟ್ಟಳು. ಪುಸ್ತಕ ಎಲ್ಲಿ ಹೆಚ್ಚು ತೆರೆದಿರುತ್ತದೋ ಅಲ್ಲೇ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದಾಗಿ ಹಾಗೆ ಮಾಡಿ ನೋಡಿದರು. ಎರಡು ಪುಸ್ತಕ ಮೊದಲ ಅಧ್ಯಾಯದಲ್ಲಿ ಬಿಚ್ಚಿಕೊಂಡವು, ನಾಲ್ಕು ಪುಸ್ತಕ ಹಿಂದಿನ ಉತ್ತರಗಳ ಪುಟದಲ್ಲಿ. ದಪ್ಪದ್ದು ಬಿಚ್ಚಿಕೊಳ್ಳಲೇ ಇಲ್ಲ, ಒಂದು ಬದಿಗೆ ಧೊಪ್ಪನೆ ಬಿತ್ತು. ಹಸಿರಿನದು ಹೊಸ ಹೊಲಿಗೆ, ಅದು ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಬಿಳಿ ಅಂಚಿನ ತೆಳು ಪುಸ್ತಕವೂ ಬಿಗಿಯಾಗಿಯೇ ನಿಂತಿತು. ದೊಡ್ಡಮ್ಮನ ಮುಖ ಸಪ್ಪಗಾಯಿತು. ಒಂದನ್ನಾದರೂ ಪೂರ್ತಿ ಓದಿದವರು ಈ ಊರಲ್ಲಿ ಇಲ್ಲವೇ ಇಲ್ಲವೇನೋ ಎಂದಳು.

ಹುಡುಗಿ ಮಾತ್ರ ತೆಳು ಪುಸ್ತಕವನ್ನು ಕೈಗೆ ತೆಗೆದುಕೊಂಡು ತಿರುವುತ್ತಿದ್ದಳು. ಅವಳಿಗೆ ಪ್ರತಿಯೊಂದನ್ನೂ ಎರಡು ಸಲ ನೋಡುವ ಅಭ್ಯಾಸ. ಹೊದಿಕೆಯ ಒಳಗೆ ಹೆಸರಿನ ಪುಟವೇ ಇರಲಿಲ್ಲ, ಯಾರು ಬರೆದದ್ದೆಂದೂ ಗೊತ್ತಾಗುವಂತಿರಲಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ತೆರೆದಿಟ್ಟು ಎರಡನ್ನೂ ಹೋಲಿಸಿ ನೋಡಿ, ದೊಡ್ಡಮ್ಮ, ಇದರಲ್ಲಿ ಅಕ್ಷರ ಮುಗಿದ ತಕ್ಷಣ ಕಾಗದವೂ ಮುಗಿದುಬಿಡುತ್ತೆ, ಪಕ್ಕದಲ್ಲಿ ಜಾಗವೇ ಇಲ್ಲ, ಯಾಕೆ ಎಂದು ಕೇಳಿದಳು.

ದೊಡ್ಡಮ್ಮ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡಳು. ಹಾಳೆಯ ಮಡಿಕೆಯನ್ನು ಬೆಳಕಿಗೆ ಹಿಡಿದಳು. ಅಲ್ಲಿ ಸೂಜಿಯ ತೂತುಗಳು ಒಂದು ಸಾಲಲ್ಲ, ಮೊದಲ ಹೊಲಿಗೆಯದೂ ಸೇರಿ ಐದು ಸಾಲು. ಅವಳು ತಿರುಗಿ ಗೋಡೆಯ ಮೊಳೆಗೆ ನೇತುಹಾಕಿದ್ದ ರಿಜಿಸ್ಟರ್ ತೆಗೆದಳು. ಬೈಂಡಿಂಗಿಗೆ ಬಂದ ಪ್ರತಿ ಪುಸ್ತಕದ ನಂಬರು, ಬಂದ ಕಾರಣ ಎಲ್ಲವೂ ಅದರಲ್ಲಿ ಅವಳದೇ ದುಂಡು ಅಕ್ಷರದಲ್ಲಿ ಇತ್ತು. ಬೆರಳಿಟ್ಟು ಹುಡುಕಿದರು. ತೆಳು ಪುಸ್ತಕ ಹದಿನಾಲ್ಕು ವರ್ಷದಲ್ಲಿ ನಾಲ್ಕು ಸಲ ಈ ಕೋಣೆಗೆ ಬಂದಿತ್ತು. ಮೊದಲ ಸಲ, ಮಧ್ಯದ ಹೊಲಿಗೆ ಬಿಟ್ಟಿದೆ. ಎರಡನೇ ಸಲ, ಬೆನ್ನು ಎರಡು ಕಡೆ ಮುರಿದಿದೆ, ಹೆಸರಿನ ಪುಟ ಇಲ್ಲ. ಮೂರನೇ ಸಲ, ಕೊನೆಯ ಹಾಳೆಗಳು ಸಡಿಲ. ನಾಲ್ಕನೆಯದು ಮೂರು ತಿಂಗಳ ಹಿಂದೆ, ಪೂರ್ತಿ ಬಿಚ್ಚಿಹೋಗಿದೆ. ನಾಲ್ಕು ಸಲವೂ ಹೊಸದಾಗಿ ಹೊಲಿದು, ಕೊಳೆಯಾದ ಅಂಚನ್ನು ಕತ್ತರಿಸಿ ಬೆಳ್ಳಗೆ ಮಾಡಿ ಕಳಿಸಿದವಳು ದೊಡ್ಡಮ್ಮನೇ. ಪ್ರತಿ ಸಲ ಒಂದೊಂದು ಕಡ್ಡಿಯಷ್ಟು ಕತ್ತರಿಸಿದ್ದರಿಂದ ಪಕ್ಕದ ಜಾಗವೆಲ್ಲ ಹೋಗಿತ್ತು. ಎಲ್ಲರಿಗಿಂತ ಹೆಚ್ಚು ಓದಿಸಿಕೊಂಡ ಪುಸ್ತಕವನ್ನು, ಯಾರೂ ಮುಟ್ಟಿಲ್ಲ ಎಂದು ಅವಳು ಮೊದಲೇ ಪಕ್ಕಕ್ಕೆ ಸರಿಸಿದ್ದಳು.

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು, “ನನ್ನ ಕೈಗೆ ನಾನೇ ಮೋಸ ಹೋದೆ ನೋಡು” ಎಂದಳು. ಆದರೆ ಅವಳ ಮುಖದಲ್ಲಿ ಬೇಸರ ಇರಲಿಲ್ಲ.

ಹುಡುಗಿ ಆಗಲೇ ಓದತೊಡಗಿದ್ದಳು. ಪುಸ್ತಕದ ಆರಂಭದಲ್ಲಿ ಸೂತ್ರವಿರಲಿಲ್ಲ, ಒಂದು ಚಿತ್ರವಿತ್ತು. ಒಂದು ಚೌಕ. ಅದರ ಪಕ್ಕಪಕ್ಕದ ಎರಡು ಬದಿಗೆ ಒಂದೊಂದು ಕಿರಿದಾದ ಪಟ್ಟಿ ಅಂಟಿಸಿ, ಚೌಕವನ್ನು ಸ್ವಲ್ಪ ದೊಡ್ಡದು ಮಾಡಿ ಎಂದು ಬರೆದಿತ್ತು. ಹಾಗೆ ಮಾಡಿದರೆ ಮೂಲೆಯಲ್ಲಿ ಒಂದು ಪುಟ್ಟ ಚೌಕದಷ್ಟು ಜಾಗ ಉಳಿಯುತ್ತದೆ, ಅದನ್ನೂ ತುಂಬಿ. ಈಗ ಪಟ್ಟಿಯ ಅಗಲವನ್ನು ಅರ್ಧ ಮಾಡಿ. ಪಟ್ಟಿಗಳು ಅರ್ಧವಾದವು. ಮೂಲೆಯ ಚೌಕ ಎಷ್ಟಾಯಿತು? ಇಷ್ಟು ಕೇಳಿ, ಉತ್ತರ ಹೇಳದೆ ಒಂದು ಖಾಲಿ ಗೆರೆ ಬಿಟ್ಟಿದ್ದರು. ಆ ಗೆರೆಯ ಮೇಲೆ ಎಷ್ಟೋ ಜನ ಪೆನ್ಸಿಲಿನಲ್ಲಿ ಬರೆದು, ಮುಂದಿನವರಿಗಾಗಿ ಅಳಿಸಿ ಹೋಗಿದ್ದರು. ಅಲ್ಲಿ ಕಾಗದ ಸವೆದು ಬೆರಳಿಗೆ ಹತ್ತಿಯಂತೆ ಮೆತ್ತಗೆ ತಾಗುತ್ತಿತ್ತು. ಅದನ್ನು ಮುಟ್ಟಿ ನೋಡಿದ ದೊಡ್ಡಮ್ಮ, ಇಲ್ಲಿ ನೋಡು, ಇದು ಹೆಬ್ಬೆಟ್ಟಿನ ಕೆಲಸ ಅಲ್ಲ ಎಂದಳು.

ಮೂಲೆ ಅರ್ಧವಾಯಿತು ಎಂದು ಬರೆಯಲು ಹೊರಟು ಹುಡುಗಿ ತಡೆದಳು. ಅವಳು ಅದೇ ಚಿತ್ರವನ್ನು ಬೆರಳಿಂದ ಮೇಜಿನ ಮೇಲೆ ಬಿಡಿಸುವುದನ್ನು ದೊಡ್ಡಮ್ಮ ನೋಡಿದಳು. ಇಂಥ ಮೂಲೆ ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತಿದ್ದ ವಸ್ತು. ಹಳೆಯ ನಕ್ಷೆಗಳನ್ನು ಇಡಲು ಅವಳು ರಟ್ಟಿನ ಪೆಟ್ಟಿಗೆ ಮಾಡುತ್ತಾಳೆ. ಹಾಳೆಯ ನಾಲ್ಕು ಮೂಲೆಯಲ್ಲಿ ಒಂದೊಂದು ಚೌಕ ಕತ್ತರಿಸಿ ತೆಗೆದರೆ ಮಾತ್ರ ಬದಿಗಳು ಮಡಚಿಕೊಂಡು ಮೇಲೇಳುತ್ತವೆ. ಹಾಗೆ ಬಿದ್ದ ಮೂಲೆಗಳನ್ನು ಬಿಸಾಡಲು ಮನಸ್ಸು ಬಾರದೆ ಒಂದು ಬಿಸ್ಕತ್ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಎರಡು ಬೆರಳು ಆಳದ ಪೆಟ್ಟಿಗೆಯಿಂದ ಬಿದ್ದ ದೊಡ್ಡ ಮೂಲೆ ಒಂದು, ಒಂದು ಬೆರಳು ಆಳದ ಪೆಟ್ಟಿಗೆಯಿಂದ ಬಿದ್ದ ಚಿಕ್ಕ ಮೂಲೆಗಳು ಒಂದಷ್ಟು. ಹುಡುಗಿ ಚಿಕ್ಕವನ್ನು ದೊಡ್ಡದರ ಮೇಲೆ ಜೋಡಿಸಿದಳು. ಎರಡು ಸಾಲಲಿಲ್ಲ. ಮೂರು ಸಾಲಲಿಲ್ಲ. ನಾಲ್ಕನೆಯದು ಇಟ್ಟಾಗ ದೊಡ್ಡದು ಸರಿಯಾಗಿ ಮುಚ್ಚಿಹೋಯಿತು.

“ಪಟ್ಟಿ ಅರ್ಧ ಆದ್ರೆ ಮೂಲೆ ಕಾಲು ಭಾಗ” ಎಂದಳು ಹುಡುಗಿ. ಆಮೇಲೆ ಚಿತ್ರದ ಪಟ್ಟಿಯ ಮೇಲೆ ಬೆರಳಿಟ್ಟು, “ಪಟ್ಟಿ ಹತ್ತರಲ್ಲಿ ಒಂದಾದ್ರೆ ಮೂಲೆ ನೂರರಲ್ಲಿ ಒಂದು. ಚಿಕ್ಕದು ಅಂತ ಬಿಡೋದಲ್ಲ ದೊಡ್ಡಮ್ಮ. ಪಟ್ಟಿ ಎಷ್ಟು ಕಿರಿದಾಗುತ್ತೋ ಅದಕ್ಕಿಂತ ಬೇಗ ಮೂಲೆ ಕಿರಿದಾಗುತ್ತೆ. ಪಟ್ಟಿ ಪಕ್ಕದಲ್ಲಿಟ್ಟು ನೋಡಿದ್ರೆ ಕೊನೆಗೆ ಅದರ ಪಾಲು ಏನೂ ಉಳಿಯಲ್ಲ” ಎಂದಳು.

“ಇದನ್ನ ಆ ಮೇಷ್ಟ್ರಿಗೆ ಯಾರಾದ್ರೂ ಹೇಳಬಾರದಿತ್ತಾ” ಎಂದಳು ದೊಡ್ಡಮ್ಮ.

“ಗೊತ್ತಿತ್ತು ಅನ್ಸುತ್ತೆ. ಹೇಳೋಕೆ ಡಬ್ಬಿ ಇರಲಿಲ್ಲ” ಎಂದಳು ಹುಡುಗಿ.

ಅವಳು ಖಾಲಿ ಗೆರೆಯ ಮೇಲೆ ಪೆನ್ಸಿಲಿನಿಂದ ‘ಕಾಲು ಭಾಗ’ ಎಂದು ಬರೆದಳು. ಸ್ವಲ್ಪ ಹೊತ್ತು ಅದನ್ನು ನೋಡಿ, ಅಳಿಸಿ, ಹಾಳೆ ತಿರುವಿದಳು. ದೊಡ್ಡಮ್ಮ ಅಂಟಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ತನ್ನ ಕೆಲಸ ಶುರುಮಾಡಿದಳು. ರಜೆಯ ದಿನ ಕೆಲಸ ಮಾಡಬೇಕಾದ್ದೇನೂ ಇರಲಿಲ್ಲ, ಆದರೆ ಕೈಗೆ ಏನಾದರೂ ಬೇಕಿತ್ತು. ಮಧ್ಯಾಹ್ನದವರೆಗೆ ದಾರ ಎಳೆಯುವ ಸದ್ದು, ಹಾಳೆ ತಿರುವುವ ಸದ್ದು, ಎರಡೇ.

ಕಾವಲುಗಾರನಿಗೆ ಹಸಿರು ಪುಸ್ತಕ ಮತ್ತೆ ಸಿಗಲಿಲ್ಲ. ಅದು ಶೆಲ್ಫಿಗೆ ಹೋಯಿತು, ಹೊಸ ಹೊಲಿಗೆಯಿಂದ ಬಿಗಿಯಾಗಿ ಈಗ ಗಾಳಿಯನ್ನೂ ಕೊಡುವುದಿಲ್ಲವಂತೆ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ದೊಡ್ಡಮ್ಮ ಒಳ್ಳೆಯ ರಟ್ಟು ಆರಿಸಿ, ಬಟ್ಟೆ ಕಟ್ಟಿ, ಮೂಲೆ ದುಂಡಗೆ ಮಾಡಿ ಅವನಿಗೆ ಒಂದು ಬೀಸಣಿಗೆ ಮಾಡಿಕೊಟ್ಟಳು. ಪುಸ್ತಕದಷ್ಟು ಚೆನ್ನಾಗಿಲ್ಲ ಎನ್ನುತ್ತಲೇ ಅವನು ಅದನ್ನು ದಿನವೂ ಬೀಸಿಕೊಳ್ಳುತ್ತಾನೆ. ದೊಡ್ಡಮ್ಮ ರಿಜಿಸ್ಟರಿನಲ್ಲಿ ತೆಳು ಪುಸ್ತಕದ ನಂಬರಿನ ಎದುರಿಗೆ, ಇನ್ನು ಮುಂದೆ ಅಂಚು ಕತ್ತರಿಸಬಾರದು ಎಂದು ಬರೆದು ಅಡಿಗೆರೆ ಹಾಕಿದ್ದಾಳೆ. ಮೇಡಂ ಪುಸ್ತಕವನ್ನು ಹುಡುಗಿಯ ಹೆಸರಿಗೆ ಬರೆದುಕೊಂಡರು, ಬರೆದುಕೊಳ್ಳುವಾಗಲೇ ಈ ಪತ್ರಿಕೆಯ ಮಾತೂ ಬಂತು. ಹೊಸದಾಗಿ ಕ್ಯಾಲ್ಕುಲಸ್ ಕಲಿಯುವವರು ಯಾರಾದರೂ ಬಂದು ಕೇಳಿದರೆ, ಈಗ ಪುಸ್ತಕ ಹೊರಗೆ ಹೋಗಿದೆ, ಕೆಳಗಿನ ಕೋಣೆಯಲ್ಲಿ ಕೇಳಿ ಎಂದು ಮೇಡಂ ಕಳಿಸುತ್ತಾರೆ. ಹಾಗೆ ಬಂದವರು ಇಬ್ಬರು. ದೊಡ್ಡಮ್ಮ ಅವರನ್ನು ಕೂರಿಸಿ ಡಬ್ಬಿಯ ಮೂಲೆಗಳನ್ನು ತೋರಿಸಿದಳು, ನಾಲ್ಕನೆಯದನ್ನು ಮಾತ್ರ ಅವರ ಕೈಯಿಂದಲೇ ಇಡಿಸಿದಳು.

ಈಗ ನಾನು ನಾಲ್ಕನೇ ಅಧ್ಯಾಯದಲ್ಲಿದ್ದೇನೆ. ನಾಳೆ ಗ್ರಂಥಾಲಯಕ್ಕೆ ವಾರದ ರಜೆ. ಬೆಳಿಗ್ಗೆ ದೊಡ್ಡಮ್ಮನ ಜೊತೆ ಹೋಗಿ, ಬಾಗಿಲಲ್ಲಿ ತಲೆ ಬಗ್ಗಿಸಿ, ಮೇಜಿನ ಕಿಟಕಿ ಕಡೆಯ ತುದಿಯಲ್ಲಿ ಕೂತು, ಆ ಅಧ್ಯಾಯದ ಕೊನೆಯ ಆರು ಲೆಕ್ಕಗಳನ್ನು ಮಾಡುತ್ತೇನೆ.